ಹಸಿರುಮನೆ, ಟೊಮ್ಯಾಟೊ ಮತ್ತು ಮಾವನ ಹನ್ನೆರಡು ಲಕ್ಷ

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರೆ ಮನೇಲಿ ಮಾತಾಡೋದು, ಸ್ಕೂಲಲ್ಲಿ ಒಂದು ಸಬ್ಜೆಕ್ಟ್, ಅಷ್ಟೇ. ಹಾಗಾಗಿ ಬರವಣಿಗೆಯಲ್ಲಿ ತಪ್ಪಿದ್ರೆ ದಯವಿಟ್ಟು ಅಡ್ಜಸ್ಟ್ ಮಾಡ್ಕೊಳ್ಳಿ. ಲೆಕ್ಕದಲ್ಲಿ ತಪ್ಪಿದ್ರೆ ಮಾತ್ರ ಬಿಡಬೇಡಿ, ಕ್ಯಾಂಟೀನ್ ಹತ್ರ ಹಿಡಿದು ಕೇಳಿ.

ಕಳೆದ ವರ್ಷ ಸಂಕ್ರಾಂತಿಗೆ ನಮ್ಮ ಮಾವ (ಅಮ್ಮನ ತಮ್ಮ) ಕುವೆಂಪುನಗರದ ನಮ್ಮ ಮನೆಗೆ ಬಂದಿದ್ರು. ಅವರದು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಜಮೀನು, ಒಂದು ಬೋರ್‌ವೆಲ್. ಟೊಮ್ಯಾಟೊ ಬೆಳೆದು ಬಂಡಿಪಾಳ್ಯದ ಎಪಿಎಂಸಿಗೆ ಹಾಕ್ತಾರೆ. ಎಳ್ಳು ಬೆಲ್ಲ ಬಾಯಿಗೆ ಹಾಕ್ಕೊಂಡು ಸುಮ್ನೆ ಕೂತಿದ್ದವರು ಇದ್ದಕ್ಕಿದ್ದ ಹಾಗೆ ಕೇಳಿದ್ರು: "ಅಲ್ಲವ್ವ, ನೀನು ಇಂಜಿನಿಯರಿಂಗ್ ಓದ್ತಾ ಇದೀಯಲ್ಲ, ಒಂದು ಹೇಳು. ಹತ್ತು ಗುಂಟೆಗೆ ಪಾಲಿಹೌಸ್ ಹಾಕಿಸಿ ಟೊಮ್ಯಾಟೊ ಇಟ್ರೆ ಬರ್ತದಾ?"

ಪಾಲಿಹೌಸ್ ಹಾಕೋರು ಹೇಳಿದ ರೇಟು ಹನ್ನೆರಡು ಲಕ್ಷ. ತೋಟಗಾರಿಕೆ ಇಲಾಖೆಯಿಂದ ಅರ್ಧ ಸಬ್ಸಿಡಿ ಸಿಕ್ಕರೂ ಉಳಿದ ಆರು ಲಕ್ಷ ಸಾಲ ಮಾಡಬೇಕು. ನಾನು ಆಗ ಫಸ್ಟ್ ಇಯರ್, ಗೊತ್ತಿದ್ದದ್ದು ಸೊನ್ನೆ. ಆದ್ರೂ ಎಲ್ಲರ ಮುಂದೆ ಮರ್ಯಾದೆ ಪ್ರಶ್ನೆ ನೋಡಿ, "ಒಂದು ವರ್ಷ ಟೈಮ್ ಕೊಡಿ ಮಾವ, ಟೆರೇಸ್ ಮೇಲೆ ಚಿಕ್ಕದಾಗಿ ಮಾಡಿ ನೋಡಿ ಹೇಳ್ತೀನಿ" ಅಂದುಬಿಟ್ಟೆ. ಅವರು ನಕ್ಕು "ಆಯ್ತು ಬಿಡು" ಅಂದ್ರು. ಅಮ್ಮ ನನ್ನ ಕಡೆ ಒಂದು ಥರ ನೋಡಿದ್ರು.

ಆ ಒಂದು ವರ್ಷದಲ್ಲಿ ಏನು ಕಲಿತೆ ಅನ್ನೋದೇ ಈ ಲೇಖನ.

1. ಕಟ್ಟಿದ್ದು ಹೇಗೆ

ನಮ್ಮ ಮನೆ ಪಂಚಮಂತ್ರ ರಸ್ತೆಯಿಂದ ಸ್ವಲ್ಪ ಒಳಗೆ. ಟೆರೇಸ್‌ಗೆ ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲು. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಇಂಚಿನ ಜಿಐ ಪೈಪಿಂದ 10 ಅಡಿ ಉದ್ದ, 6 ಅಡಿ ಅಗಲ, 7 ಅಡಿ ಎತ್ತರದ ಫ್ರೇಮ್ ಮಾಡಿಸಿದೆ. ಮೇಲೂ ಸುತ್ತಲೂ 200 ಮೈಕ್ರಾನ್ ಯುವಿ ಶೀಟ್. ಒಳಗೆ 12 ಗ್ರೋ ಬ್ಯಾಗ್. ಕೆಂಪು ಮಣ್ಣು, ಕೊಕೊಪೀಟ್, ಕೊಟ್ಟಿಗೆ ಗೊಬ್ಬರ ಸಮ ಸಮ.

ಅಪ್ಪ ಕೇಳಿದ ಮೊದಲ ಪ್ರಶ್ನೆ "ಮೋಲ್ಡ್ ತಡ್ಕೊಳುತ್ತಾ?" ಒಳ್ಳೆ ಪ್ರಶ್ನೆ. ಸಿವಿಲ್ ಫ್ರೆಂಡ್ ಒಬ್ಬಳು ಐಎಸ್ 875ರ ಎರಡನೇ ಭಾಗ ತೋರಿಸಿದಳು. ಜನ ಓಡಾಡೋ ಚಪ್ಪಟೆ ಛಾವಣಿಗೆ ಲೈವ್ ಲೋಡ್ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದ್ರೆ ಸುಮಾರು 150 ಕೆಜಿ. ನೀರು ಹಾಕಿದ ಒಂದು ಬ್ಯಾಗ್ ತೂಕ ಮಾಡಿದ್ರೆ 18 ಕೆಜಿ. ಹನ್ನೆರಡಕ್ಕೆ 216. ನೆಲ 5.6 ಚದರ ಮೀಟರ್. ಚದರ ಮೀಟರಿಗೆ 39 ಕೆಜಿ ಬಂತು. ಭಾರದ ಚಿಂತೆ ಇಲ್ಲ.

ನಾನು ಯೋಚನೆ ಮಾಡದೇ ಇದ್ದದ್ದು ಗಾಳಿ. ಅದೇ ಐಎಸ್ 875ರ ಮೂರನೇ ಭಾಗದಲ್ಲಿ ಮೈಸೂರಿಗೆ ಬೇಸಿಕ್ ವಿಂಡ್ ಸ್ಪೀಡ್ ಸೆಕೆಂಡಿಗೆ 33 ಮೀಟರ್. ಒತ್ತಡ ಅಂದ್ರೆ 0.6 ಗುಣಿಸು ವೇಗದ ವರ್ಗ. 650 ಪಾಸ್ಕಲ್ ಚಿಲ್ಲರೆ. ಚದರ ಮೀಟರಿಗೆ 65 ಕೆಜಿ ಮೇಲೆತ್ತೋ ಬಲ! 5.6 ಚದರ ಮೀಟರ್ ಛಾವಣಿಗೆ 370 ಕೆಜಿ ಹತ್ತಿರ. ನನ್ನ ಇಡೀ ಫ್ರೇಮ್ ತೂಕ ಅರವತ್ತು ಕೆಜಿ ಕೂಡ ಇರ್ಲಿಲ್ಲ. ಏಪ್ರಿಲ್‌ನ ಮೊದಲ ಗಾಳಿ ಮಳೆಗೆ ಶೀಟ್ ಒಂದು ಕಡೆ ಕಿತ್ಕೊಂಡು ಪಕ್ಕದ ಮನೆ ಆಂಟಿ ಒಣ ಹಾಕಿದ್ದ ಹಪ್ಪಳದ ಮೇಲೆ ಹೋಗಿ ಬಿತ್ತು. ಆಮೇಲೆ ನಾಲ್ಕೂ ಕಾಲನ್ನ ಪ್ಯಾರಪೆಟ್ ಗೋಡೆಗೆ ಆಂಕರ್ ಬೋಲ್ಟ್ ಹಾಕಿ ಕಟ್ಟಿದೆ. ನೀವು ಮಾಡೋದಾದ್ರೆ ಈ ಕೆಲಸ ಮೊದಲ ದಿನವೇ ಮಾಡಿ.

2. ಮೊದಲ ಬೆಳೆ: ಪೂರ್ತಿ ಫೇಲ್

ನಾನು ಓದಿದ್ದೆಲ್ಲ ಇಂಗ್ಲೆಂಡ್ ಕಡೆಯವರು ಬರೆದದ್ದು. "ಬಿಸಿ ಮಾಡದ ಹಸಿರುಮನೆಯಲ್ಲಿ ಟೊಮ್ಯಾಟೊ" ಅಂತ ಹುಡುಕಿದ್ರೆ ನೂರು ಗೈಡ್ ಸಿಗುತ್ತೆ. ಎಲ್ಲದರಲ್ಲೂ ಒಂದೇ ಕ್ರಮ: ಫೆಬ್ರವರಿ ಕೊನೆ ಅಥವಾ ಮಾರ್ಚಲ್ಲಿ ಮನೆ ಒಳಗೆ ಬೀಜ ಹಾಕು, ಮೇ ಹೊತ್ತಿಗೆ ಹಸಿರುಮನೆಗೆ ಸಸಿ ಇಡು, ರಾತ್ರಿ ಕಿಟಕಿ ಮುಚ್ಚು, ಚಳಿ ಹೊಡೆಯದ ಹಾಗೆ ನೋಡ್ಕೋ. ನಾನು ಕೂಡ ಶ್ರದ್ಧೆಯಿಂದ ಫೆಬ್ರವರಿ ಮೊದಲ ವಾರ ಬೀಜ ಹಾಕಿದೆ. ಮಾರ್ಚಲ್ಲಿ ಸಸಿ ಇಟ್ಟೆ. ನಾಲ್ಕೂ ಕಡೆ ಶೀಟ್, ಬಾಗಿಲು ಮಾತ್ರ ತೆರೆಯೋ ಹಾಗೆ.

ಗಿಡ ಚೆನ್ನಾಗೇ ಬೆಳೀತು. ಏಪ್ರಿಲಲ್ಲಿ ಹಳದಿ ಹೂವು ಗೊಂಚಲು ಗೊಂಚಲು. ಆಮೇಲೆ ಒಂದೊಂದಾಗಿ ಹೂವು ತೊಟ್ಟಿನ ಗಂಟಿನ ಹತ್ರ ಹಳದಿಯಾಗಿ ಕಳಚಿ ಬೀಳೋಕೆ ಶುರು. ಬೆಳಗ್ಗೆ ಹೋದ್ರೆ ನೆಲದ ತುಂಬ ಹೂವು, ಗಿಡದಲ್ಲಿ ಕಾಯಿ ಇಲ್ಲ. ನೀರು ಕಮ್ಮಿ ಅಂತ ನೀರು ಜಾಸ್ತಿ ಮಾಡಿದೆ. ಗೊಬ್ಬರ ಕಮ್ಮಿ ಅಂತ ಗೊಬ್ಬರ ಹಾಕಿದೆ. ಏನೂ ಆಗ್ಲಿಲ್ಲ. ಅಜ್ಜಿ ಮೆಟ್ಟಿಲು ಹತ್ತಿ ಬಂದು ಒಳಗೆ ಕಾಲಿಟ್ಟು ಒಂದೇ ನಿಮಿಷಕ್ಕೆ ಹೊರಗೆ ಬಂದ್ರು. "ಇದೇನೇ ಇದು, ಇಡ್ಲಿ ಪಾತ್ರೆ ಇದ್ದಂಗಿದೆ" ಅಂದ್ರು.

ಅವತ್ತೇ ಡಿಎಚ್‌ಟಿ22 ಸೆನ್ಸರ್ ಎರಡು ತಂದು ಒಂದು ಒಳಗೆ, ಒಂದು ಹೊರಗೆ ಹಾಕಿದೆ. ಒಳಗಿನದು ಮಧ್ಯಾಹ್ನ 51 ಡಿಗ್ರಿ ತೋರಿಸ್ತು! ಅದು ಸುಳ್ಳು ಅಂತ ಆಮೇಲೆ ಗೊತ್ತಾಯ್ತು, ನೇರ ಬಿಸಿಲು ಸೆನ್ಸರ್ ಮೇಲೆ ಬೀಳ್ತಾ ಇತ್ತು. ಬಿಳಿ ಪೇಪರ್ ಕಪ್ಪನ್ನ ತಲೆಕೆಳಗಾಗಿ ನೆರಳಿನ ಹಾಗೆ ಮುಚ್ಚಿದ ಮೇಲೆ 41ರಿಂದ 42. ಹೊರಗೆ 35.

ಟೊಮ್ಯಾಟೊ ಹೂವಿನ ಪರಾಗ ತುಂಬ ಸೂಕ್ಷ್ಮ. ಹಗಲು 35 ದಾಟಿ, ರಾತ್ರಿನೂ ಬೆಚ್ಚಗಿದ್ರೆ ಪರಾಗ ಸತ್ವ ಕಳ್ಕೊಳುತ್ತೆ, ಹೂವು ಕಟ್ಟೋದಿಲ್ಲ, ಗಿಡವೇ ಅದನ್ನ ಉದುರಿಸುತ್ತೆ. ಇನ್ನೊಂದು ವಿಷಯ, ಬಿಸಿ ಹೆಚ್ಚು ಹೊಡೆಯೋದು ಹೂವು ಅರಳೋಕೆ ಒಂದೆರಡು ವಾರ ಮೊದಲು, ಮೊಗ್ಗಿನ ಒಳಗೆ ಪರಾಗ ತಯಾರಾಗೋ ಟೈಮಲ್ಲಿ. ಅಂದ್ರೆ ಇವತ್ತು ಉದುರೋ ಹೂವಿಗೆ ಕಾರಣ ಹದಿನೈದು ದಿನದ ಹಿಂದಿನ ಬಿಸಿಲು. ಅದಕ್ಕೇ ಇವತ್ತು ನೀರು ಹಾಕಿ ನಾಳೆ ರಿಸಲ್ಟ್ ನೋಡೋ ನನ್ನ ಪ್ಲಾನ್ ಕೆಲಸ ಮಾಡ್ಲಿಲ್ಲ.

ಕಟ್ಟಿದ ನಾಲ್ಕೈದು ಕಾಯಿನೂ ಕೆಂಪಾಗದೆ ಕಿತ್ತಳೆ ಬಣ್ಣಕ್ಕೇ ನಿಂತವು. ಟೊಮ್ಯಾಟೊಗೆ ಕೆಂಪು ಬಣ್ಣ ಕೊಡೋದು ಲೈಕೊಪೀನ್. 30 ಡಿಗ್ರಿ ದಾಟಿ ಹೋದ ಹಾಗೆ ಅದು ತಯಾರಾಗೋದು ಕಮ್ಮಿ ಆಗುತ್ತೆ, ಹಳದಿ ಬಣ್ಣದ ಕೆರೋಟಿನ್ ಮಾತ್ರ ಉಳಿಯುತ್ತೆ. 12 ಗಿಡದಿಂದ ಒಟ್ಟು ಒಂದೂವರೆ ಕೆಜಿ. ಅಮ್ಮ ಅದರಲ್ಲಿ ಎರಡು ಸಲ ಸಾರು ಮಾಡಿದ್ರು, ಏನೂ ಅನ್ಲಿಲ್ಲ. ಅದೇ ಜಾಸ್ತಿ ಬೇಜಾರಾಗಿದ್ದು.

3. ಹಸಿರುಮನೆ ಬಿಸಿ ಆಗೋದು ಯಾಕೆ?

ಸ್ಕೂಲಲ್ಲಿ ನಾವೆಲ್ಲ ಓದಿದ್ದು ಹೀಗೆ: ಬೆಳಕು ಗಾಜಿನ ಮೂಲಕ ಒಳಗೆ ಬರುತ್ತೆ, ನೆಲ ಬಿಸಿಯಾಗಿ ಇನ್‌ಫ್ರಾರೆಡ್ ಬಿಡುತ್ತೆ, ಗಾಜು ಅದನ್ನ ಹೊರಗೆ ಬಿಡಲ್ಲ, ಅದಕ್ಕೇ ಬಿಸಿ. ಕೇಳೋಕೆ ಚೆನ್ನಾಗಿದೆ. ಆದ್ರೆ 1909ರಲ್ಲೇ ಆರ್. ಡಬ್ಲ್ಯು. ವುಡ್ ಅನ್ನೋ ಅಮೆರಿಕದ ಭೌತವಿಜ್ಞಾನಿ ಇದನ್ನ ಟೆಸ್ಟ್ ಮಾಡಿದ್ರು. ಎರಡು ಪೆಟ್ಟಿಗೆ. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆ. ಕಲ್ಲುಪ್ಪು ಇನ್‌ಫ್ರಾರೆಡ್ಡನ್ನ ತಡೆಯಲ್ಲ. ಸ್ಕೂಲ್ ಪಾಠ ಪೂರ್ತಿ ಸರಿ ಇದ್ರೆ ಉಪ್ಪಿನ ಪೆಟ್ಟಿಗೆ ತುಂಬ ತಣ್ಣಗಿರಬೇಕಿತ್ತು. ಎರಡೂ ಹೆಚ್ಚುಕಮ್ಮಿ ಒಂದೇ ಬಿಸಿಗೆ ಬಂದವು.

ಹಾಗಾದ್ರೆ ಬಿಸಿಗೆ ಮುಖ್ಯ ಕಾರಣ? ಮುಚ್ಚಳ. ಬಿಸಿಯಾದ ಗಾಳಿ ಮೇಲೆ ಎದ್ದು ಹೋಗಿ ತಣ್ಣನೆ ಗಾಳಿ ಜೊತೆ ಬೆರೆಯೋದನ್ನ ಮುಚ್ಚಳ ತಡೆಯುತ್ತೆ. ಕನ್ವೆಕ್ಷನ್ ಕಟ್. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಆಗೋದೂ ಇದೇ. (ಭೂಮಿಯ ವಾತಾವರಣದ "ಹಸಿರುಮನೆ ಪರಿಣಾಮ" ಮಾತ್ರ ನಿಜವಾಗಿಯೂ ಇನ್‌ಫ್ರಾರೆಡ್ ತಡೆಯೋದರಿಂದಲೇ ಆಗೋದು. ಹೆಸರು ಒಂದೇ, ಕೆಲಸ ಬೇರೆ.)

ಇದನ್ನ ಓದಿದ ಮೇಲೆ ನನಗೆ ಲಾಲ್‌ಬಾಗ್‌ನ ಗಾಜಿನಮನೆ ನೆನಪಾಯ್ತು. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ ಕಟ್ಟಿದ್ದು. ಫ್ಲವರ್ ಶೋಗೆ ಹೋದವರು ನೆನಪು ಮಾಡ್ಕೊಳ್ಳಿ: ಮೇಲೆ ಗಾಜು, ಆದ್ರೆ ಸುತ್ತಲೂ ಕಮಾನುಗಳು ತೆರೆದೇ ಇವೆ, ಗಾಳಿ ಆರಾಮಾಗಿ ಓಡಾಡುತ್ತೆ. ನಾನು ಎಷ್ಟು ಸಲ ಅದರ ಒಳಗೆ ನಿಂತಿದೀನೋ ಲೆಕ್ಕ ಇಲ್ಲ. ನನ್ನ ಟೆರೇಸಿಗೆ ಬೇಕಾದ ಉತ್ತರ ಅಲ್ಲೇ ಇತ್ತು.

ಈಗ ಲೆಕ್ಕ. ಮೈಸೂರಿನ ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ 800 ವಾಟ್ ಅಂತ ಇಟ್ಕೊಳ್ಳೋಣ. 5.6 ಚದರ ಮೀಟರಿಗೆ ಸುಮಾರು 4,500 ವಾಟ್. ಶೀಟ್ ಮೂಲಕ ಶೇ. 70 ಒಳಗೆ ಬಂದ್ರೆ 3,100. ಗಿಡ ತುಂಬಿದ್ದು ಎಲೆಗಳು ನೀರು ಆವಿ ಮಾಡ್ತಾ ಇದ್ರೆ ಅರ್ಧ ಅದಕ್ಕೇ ಖರ್ಚು. ಉಳಿದ 1,500 ವಾಟ್ ಗಾಳಿ ಬಿಸಿ ಮಾಡುತ್ತೆ. ಮನೇಲಿರೋ ಇಂಡಕ್ಷನ್ ಸ್ಟವ್ ಒಂದನ್ನ ಫುಲ್ ಇಟ್ಟ ಹಾಗೆ.

ಒಳಗಿನ ಗಾಳಿ 12 ಘನ ಮೀಟರ್, ತೂಕ ಸುಮಾರು 14 ಕೆಜಿ. ಒಂದು ಕೆಜಿ ಗಾಳಿ ಒಂದು ಡಿಗ್ರಿ ಏರೋಕೆ 1,005 ಜೂಲ್. ಅಂದ್ರೆ ಪೂರ್ತಿ ಮುಚ್ಚಿದ್ರೆ ಶುರುವಿನಲ್ಲಿ ಹತ್ತು ಸೆಕೆಂಡಿಗೆ ಒಂದು ಡಿಗ್ರಿ ಏರುತ್ತೆ! ಹೊರಗಿಗಿಂತ ಬರೀ 3 ಡಿಗ್ರಿ ಮಾತ್ರ ಜಾಸ್ತಿ ಇರಬೇಕು ಅಂದ್ರೆ ಸೆಕೆಂಡಿಗೆ 0.43 ಘನ ಮೀಟರ್ ಗಾಳಿ ಬದಲಾಗಬೇಕು. ಅಂದ್ರೆ ಅರ್ಧ ನಿಮಿಷಕ್ಕೊಮ್ಮೆ ಒಳಗಿನ ಗಾಳಿ ಪೂರ್ತಿ ಹೊಸದಾಗಬೇಕು. ನನ್ನ ಒಂದು ಬಾಗಿಲಿಂದ ಇದು ಸಾಧ್ಯವೇ ಇರ್ಲಿಲ್ಲ.

ಥರ್ಮೋಡೈನಾಮಿಕ್ಸ್ ಕ್ಲಾಸಲ್ಲಿ ಓಪನ್ ಸಿಸ್ಟಮ್, ಕ್ಲೋಸ್ಡ್ ಸಿಸ್ಟಮ್ ಅಂತ ಡೆಫಿನಿಷನ್ ಬಾಯಿಪಾಠ ಮಾಡಿದ್ವಲ್ಲ, ಅದರ ವ್ಯತ್ಯಾಸ ನನಗೆ ನಿಜವಾಗಿ ಅರ್ಥ ಆಗಿದ್ದು ಈ ಲೆಕ್ಕ ಮಾಡಿದ ರಾತ್ರಿ.

4. ಹಾಗಾದ್ರೆ ನಮಗೆ ಹಸಿರುಮನೆ ಯಾಕೆ ಬೇಕು?

ಇಂಗ್ಲೆಂಡಿನಲ್ಲಿ ಹಸಿರುಮನೆ ಸ್ವೆಟರ್ ಇದ್ದ ಹಾಗೆ. ಹಿಮ ಬೀಳುತ್ತೆ, ಬೇಸಿಗೆ ಚಿಕ್ಕದು. ಬೆಚ್ಚಗೆ ಇಟ್ಟಷ್ಟೂ ಬೆಳೆಗೆ ನಾಲ್ಕು ವಾರ ಹೆಚ್ಚು ಸಿಗುತ್ತೆ. ಮೈಸೂರು ಸಮುದ್ರಮಟ್ಟದಿಂದ 760 ಮೀಟರ್‌ಗಿಂತ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಯಲ್ಲೂ ಸಾಧಾರಣವಾಗಿ 16 ಡಿಗ್ರಿ ಆಸುಪಾಸು. ಟೊಮ್ಯಾಟೊ ಕಾಯಿ ಕಟ್ಟೋಕೆ ರಾತ್ರಿ 15ರಿಂದ 20 ಡಿಗ್ರಿ ಬೇಕು. ನಮ್ಮ ಚಳಿಗಾಲವೇ ಅದಕ್ಕೆ ಹೇಳಿ ಮಾಡಿಸಿದ್ದು! ಹೀಟರ್ ಪ್ರಶ್ನೆಯೇ ಬರಲ್ಲ.

ನಮಗೆ ಹಸಿರುಮನೆ ಕೊಡೆ ಮತ್ತು ಸೊಳ್ಳೆ ಪರದೆ ಇದ್ದ ಹಾಗೆ. ಟೊಮ್ಯಾಟೊ ಗಿಡಕ್ಕೆ ಇಲ್ಲಿ ಎರಡು ದೊಡ್ಡ ಶತ್ರು.

ಒಂದು, ಎಲೆ ಒದ್ದೆಯಾಗೋದು. ಮಳೆ ನೀರು ಎಲೆ ಮೇಲೆ ಗಂಟೆಗಟ್ಟಲೆ ನಿಂತ್ರೆ ಅಂಗಮಾರಿ ರೋಗ ಶುರು. ಐರ್ಲೆಂಡಿನಲ್ಲಿ 1845ರಿಂದ ಆಲೂಗೆಡ್ಡೆ ಹಾಳು ಮಾಡಿ ಲಕ್ಷಾಂತರ ಜನರ ಸಾವಿಗೆ ಕಾರಣ ಆದ ರೋಗವೇ ಟೊಮ್ಯಾಟೊಗೂ ಬರುತ್ತೆ, ಎರಡೂ ಒಂದೇ ಕುಟುಂಬದ ಗಿಡ. ಮೇಲೆ ಒಂದು ಛಾವಣಿ ಇದ್ರೆ ಇದರ ಕಾಟ ತುಂಬ ಕಮ್ಮಿ.

ಎರಡು, ಬಿಳಿ ನೊಣ. ಇದು ರಸ ಹೀರೋದಕ್ಕಿಂತ ಅಪಾಯ ಹೆಚ್ಚು ಇದು ತರೋ ವೈರಸ್‌ನಿಂದ. ಎಲೆ ಮುಟುರಿಕೊಂಡು, ಗಿಡ ಕುಳ್ಳಾಗಿ, ಕಾಯಿ ನಿಂತೇ ಹೋಗುತ್ತೆ. ಈ ಎಲೆ ಮುಟುರು ರೋಗದ ವೈರಸ್‌ಗಳಲ್ಲಿ ಒಂದರ ವೈಜ್ಞಾನಿಕ ಹೆಸರಿನಲ್ಲೇ "ಬೆಂಗಳೂರು" ಇದೆ, ಇನ್ನೊಂದರ ಹೆಸರಿನಲ್ಲಿ "ಕರ್ನಾಟಕ" ಇದೆ. ನಮ್ಮ ರಾಜ್ಯದ ಹೆಸರು ಇಂಥ ಕಡೆ ಬರೋದು ಬೇಡವಾಗಿತ್ತು! ಸಸಿ ಚಿಕ್ಕದಿದ್ದಾಗ ವೈರಸ್ ತಗುಲಿದ್ರೆ ಗಿಡ ಮುಗೀತು. ಕಾಯಿ ಕಟ್ಟಿದ ಮೇಲೆ ತಗುಲಿದ್ರೆ ನಷ್ಟ ಕಮ್ಮಿ. ಈ ಒಂದು ವಾಕ್ಯ ನೆನಪಿಟ್ಕೊಳ್ಳಿ, ಮಾವನ ಕಥೆಗೆ ಇದು ಬೇಕಾಗುತ್ತೆ.

ಇವೆರಡರ ಜೊತೆ ಎಲೆ ಕೊರೆಯೋ ಹುಳ ಒಂದಿದೆ, ಹೆಸರು ಟ್ಯೂಟಾ. ದಕ್ಷಿಣ ಅಮೆರಿಕದ್ದು, 2014ರಲ್ಲಿ ಭಾರತದಲ್ಲಿ ಮೊದಲು ಕಾಣಿಸ್ತು. ಅದಕ್ಕೂ ಪರದೆ ಅಡ್ಡ ಬರುತ್ತೆ.

5. ಎರಡನೇ ಬೆಳೆ: ಏನು ಬದಲಾಯಿಸಿದೆ

ಕಾಲ. ಆಗಸ್ಟ್ ಮಧ್ಯದಲ್ಲಿ ಬೀಜ, ಸೆಪ್ಟೆಂಬರ್ ಎರಡನೇ ವಾರ ಸಸಿ ನಾಟಿ, ಅಕ್ಟೋಬರಲ್ಲಿ ಹೂವು, ನವೆಂಬರ್ ಕೊನೆಯಿಂದ ಹಣ್ಣು. ಇಂಗ್ಲಿಷ್ ಗೈಡಿನ ಕ್ಯಾಲೆಂಡರ್‌ಗೆ ಪೂರ್ತಿ ಉಲ್ಟಾ.

ಗೋಡೆ. ನಾಲ್ಕೂ ಪಕ್ಕದ ಶೀಟ್ ಕಿತ್ತು ಇನ್ಸೆಕ್ಟ್ ನೆಟ್ ಹಾಕಿದೆ. ಛಾವಣಿಯ ಒಂದು ಅಂಚನ್ನ ಎತ್ತರ ಮಾಡಿ ಬಿಸಿಗಾಳಿ ಹೋಗೋಕೆ ಉದ್ದಕ್ಕೆ ಸೀಳು ಬಿಟ್ಟು ಅದಕ್ಕೂ ನೆಟ್. ನೆಟ್ ಅಂಗಡಿಯಲ್ಲಿ "40 ಮೆಶ್, 50 ಮೆಶ್" ಅಂತಾರೆ, ಒಂದು ಇಂಚಿಗೆ ಅಷ್ಟು ಕಣ್ಣು ಅಂತ ಅರ್ಥ. 50 ಮೆಶ್ ಬಿಳಿ ನೊಣವನ್ನ ಚೆನ್ನಾಗಿ ತಡೆಯುತ್ತೆ, ಆದ್ರೆ ಗಾಳಿಯನ್ನೂ ತಡೆಯುತ್ತೆ. ಅದಕ್ಕೇ ನೆಟ್ ಏರಿಯಾ ಆದಷ್ಟು ದೊಡ್ಡದಿರಬೇಕು. ನಾನು 50 ಹಾಕಿ ನಾಲ್ಕೂ ಗೋಡೆ ಅದಕ್ಕೇ ಬಿಟ್ಟೆ. ಬಿಸಿಲು ಜಾಸ್ತಿ ಇದ್ದ ದಿನ ಶೀಟಿನ ಹೊರಗಡೆ ಮೇಲೆ ಶೇ. 35ರ ಶೇಡ್ ನೆಟ್. ಒಳಗಡೆ ಕಟ್ಟಿದ್ರೆ ನೆಟ್ಟೇ ಬಿಸಿಯಾಗಿ ಆ ಬಿಸಿ ಒಳಗೇ ಉಳಿಯುತ್ತೆ. ಅಕ್ಟೋಬರಲ್ಲಿ ಒಳಗೆ ಹೊರಗೆ ವ್ಯತ್ಯಾಸ 3 ಡಿಗ್ರಿ ದಾಟಲಿಲ್ಲ.

ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ "ಅರ್ಕಾ ರಕ್ಷಕ್" ಹಾಕಿದೆ. ಡಾ. ಎ. ಟಿ. ಸದಾಶಿವ ಅವರ ತಂಡ ಬೆಳೆಸಿದ ಹೈಬ್ರಿಡ್. ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡ್ಕೊಳುತ್ತೆ. ಹಣ್ಣು 90ರಿಂದ 100 ಗ್ರಾಂ. ಇದು ಮುಖ್ಯವಾಗಿ ಹೊಲಕ್ಕೆ ಮಾಡಿದ ತಳಿ. ಮಾವನ ಪ್ರಶ್ನೆ ಹೊಲದ್ದೇ ಆದ್ದರಿಂದ ನಾನು ಇದನ್ನೇ ತಗೊಂಡೆ. ವರ್ಷವಿಡೀ ಬಳ್ಳಿ ಥರ ಬೆಳೆಯೋ ತಳಿ ಬೇಕು ಅಂದ್ರೆ ಚೆರ್ರಿ ಟೊಮ್ಯಾಟೊ ಟ್ರೈ ಮಾಡಿ.

ಪರಾಗಸ್ಪರ್ಶ. ಇದು ನನಗೆ ತುಂಬ ಇಷ್ಟವಾದ ಭಾಗ. ಟೊಮ್ಯಾಟೊ ಹೂವಲ್ಲಿ ಗಂಡು ಹೆಣ್ಣು ಎರಡೂ ಇರುತ್ತೆ, ಬೇರೆ ಗಿಡ ಬೇಕಿಲ್ಲ. ಆದ್ರೆ ಪರಾಗ ಒಂದು ಕೊಳವೆ ಒಳಗೆ ಕೂತಿರುತ್ತೆ, ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದ್ರೆ ಮಾತ್ರ ಉದುರುತ್ತೆ. ಹೊರಗೆ ಈ ಕೆಲಸ ಗಾಳಿ ಮಾಡುತ್ತೆ. ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಒಂಟಿ ಜೇನ್ನೊಣ ಮತ್ತು ಕರಿ ದುಂಬಿ ಕೂಡ ಹೂವು ಹಿಡ್ಕೊಂಡು "ಝುಂಯ್" ಅಂತ ನಡುಗಿಸುತ್ತವೆ. ನಾವು ಸಾಕೋ ಜೇನಿಗೆ ಈ ವಿದ್ಯೆ ಬರಲ್ಲ. ಯುರೋಪಿನ ಹಸಿರುಮನೆಗಳಲ್ಲಿ 1980ರ ದಶಕದ ಕೊನೆಯಿಂದ ಇದಕ್ಕಾಗಿಯೇ ಬಂಬಲ್‌ಬೀ ಸಾಕಿ ಮಾರ್ತಾರೆ. ನಮ್ಮ ಕಡೆ ಅದು ಇಲ್ಲ. ನೆಟ್ ಹಾಕಿದ ಮೇಲೆ ಗಾಳಿನೂ ಕಮ್ಮಿ, ದುಂಬಿನೂ ಒಳಗೆ ಬರಲ್ಲ.

ಪರಿಹಾರ? ಹಳೇ ಎಲೆಕ್ಟ್ರಿಕ್ ಟೂತ್‌ಬ್ರಶ್. ಬೆಳಗ್ಗೆ ಹತ್ತರಿಂದ ಹನ್ನೆರಡರ ಒಳಗೆ, ಗೊಂಚಲಿನ ತೊಟ್ಟಿಗೆ (ಹೂವಿಗಲ್ಲ) ಎರಡು ಸೆಕೆಂಡ್ ಮುಟ್ಟಿಸಿದ್ರೆ ಸಾಕು, ಬಿಸಿಲಿಗೆ ಹಿಡಿದು ನೋಡಿದ್ರೆ ಹಳದಿ ಪುಡಿ ಉದುರೋದು ಕಾಣುತ್ತೆ. ಕ್ಲಾಸ್ ಇದ್ದ ದಿನ ಈ ಡ್ಯೂಟಿ ಅಜ್ಜಿದು. "ಗಿಡಕ್ಕೆ ಹಲ್ಲುಜ್ಜಿ ಬಂದೆ" ಅಂತ ಫೋನ್ ಮಾಡಿ ರಿಪೋರ್ಟ್ ಕೊಡ್ತಿದ್ರು.

ನೀರು. ಮೊದಲ ಬೆಳೆಯಲ್ಲಿ ಕಾಯಿಗಳ ತಳ ಕಪ್ಪಾಗಿ ಕೊಳೆತಿತ್ತು. ಕ್ಯಾಲ್ಸಿಯಂ ಕೊರತೆ ಅಂತ ಮೊಟ್ಟೆ ಸಿಪ್ಪೆ ಹಾಕಿದ್ದೆ, ಉಪಯೋಗ ಆಗ್ಲಿಲ್ಲ. ಮಣ್ಣಲ್ಲಿ ಕ್ಯಾಲ್ಸಿಯಂ ಇದ್ರೂ ಅದು ನೀರಿನ ಜೊತೆ ಮಾತ್ರ ಮೇಲೆ ಹೋಗುತ್ತೆ, ಅದೂ ಹೆಚ್ಚಾಗಿ ಎಲೆಗೆ. ಒಂದು ದಿನ ಒಣಗಿಸಿ ಮಾರನೇ ದಿನ ಕೆರೆ ಮಾಡಿದ್ರೆ ಕಾಯಿಗೆ ಸಿಗೋದೇ ಇಲ್ಲ. ಈ ಸಲ ದಿನಾ ಬೆಳಗ್ಗೆ ಒಂದೇ ಟೈಮಿಗೆ, ಒಂದೇ ಅಳತೆ. ಬಿಸಿಲು ಜಾಸ್ತಿ ಇದ್ರೆ ಸಂಜೆ ಇನ್ನೊಂದು ಸಲ. ಕೊಳೆತದ್ದು ಎರಡೇ ಕಾಯಿ.

ಗಾಳಿಯ ದಾಹ. ಸೆನ್ಸರ್ ಇದ್ರೆ ಬರೀ ಟೆಂಪರೇಚರ್ ನೋಡಬೇಡಿ, ವಿಪಿಡಿ ಲೆಕ್ಕ ಹಾಕಿ. ಗಾಳಿ ಇನ್ನೂ ಎಷ್ಟು ನೀರಾವಿ ಹೀರಬಲ್ಲದು ಅನ್ನೋದರ ಅಳತೆ ಅದು. ಟೊಮ್ಯಾಟೊಗೆ 0.5ರಿಂದ 1.5 ಕಿಲೋಪಾಸ್ಕಲ್ ಇದ್ರೆ ಆರಾಮ. ನನ್ನ ರೀಡಿಂಗ್‌ಗಳು ಹೀಗಿದ್ದವು:

- ಏಪ್ರಿಲ್ ಮಧ್ಯಾಹ್ನ, ಮುಚ್ಚಿದ ಶೀಟ್: 41 ಡಿಗ್ರಿ, ತೇವಾಂಶ ಶೇ. 30. ವಿಪಿಡಿ 5.4. ಗಿಡ ಬಾಯಾರಿ ಎಲೆ ರಂಧ್ರ ಮುಚ್ಕೊಂಡು ಕೂತಿತ್ತು.
- ಸೆಪ್ಟೆಂಬರ್ ಮಳೆ ಬೆಳಗ್ಗೆ: 22 ಡಿಗ್ರಿ, ಶೇ. 95. ವಿಪಿಡಿ 0.13. ಬೂಷ್ಟು ಬರೋ ಟೈಮ್, ಅವತ್ತು ನೀರು ಹಾಕಬಾರದು, ಕೆಳಗಿನ ಹಳೇ ಎಲೆ ತೆಗೆದು ಗಾಳಿ ಆಡೋ ಹಾಗೆ ಮಾಡಬೇಕು.
- ನವೆಂಬರ್ ಮಧ್ಯಾಹ್ನ, ನೆಟ್ ಗೋಡೆ: 28 ಡಿಗ್ರಿ, ಶೇ. 65. ವಿಪಿಡಿ 1.3. ಗಿಡ ಖುಷಿ.

ಡಿಸೆಂಬರಲ್ಲಿ ಒಂದು ವಿಚಿತ್ರ ನಡೀತು. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿಗಳಲ್ಲಿ ಒಳಗಿನ ಸೆನ್ಸರ್ ಹೊರಗಿಗಿಂತ ಸುಮಾರು ಒಂದು ಡಿಗ್ರಿ ಕಮ್ಮಿ ತೋರಿಸ್ತು. ಡಿಎಚ್‌ಟಿ22ಗೆ ಅರ್ಧ ಡಿಗ್ರಿ ಎರರ್ ಇರುತ್ತೆ, ಅದಕ್ಕೇ ಸೆನ್ಸರ್ ಅದಲು ಬದಲು ಮಾಡಿ ನೋಡಿದೆ. ಮತ್ತೆ ಅದೇ. ಕಾರಣ ನಮ್ಮ ಶೀಟ್: ಸಾಮಾನ್ಯ ಪಾಲಿಥೀನ್ ಇನ್‌ಫ್ರಾರೆಡ್ಡನ್ನ ಬಹುಪಾಲು ಆಕಾಶಕ್ಕೆ ಬಿಟ್ಟುಬಿಡುತ್ತೆ, ಒಳಗಿನ ಗಿಡ, ಮಣ್ಣು ತಣ್ಣಗಾಗ್ತವೆ, ಹೊರಗಿನ ಸ್ವಲ್ಪ ಬೆಚ್ಚನೆ ಗಾಳಿ ಒಳಗೆ ಸರಿಯಾಗಿ ಬೆರೆಯಲ್ಲ. ವುಡ್ ಅವರ ಕಲ್ಲುಪ್ಪಿನ ಪೆಟ್ಟಿಗೆ ಹಗಲು ಹೇಳಿದ್ದನ್ನೇ ನನ್ನ ಟೆರೇಸ್ ರಾತ್ರಿ ಹೇಳ್ತು. ಬಿಸಿ ಮಾಡದ ಹಸಿರುಮನೆ ರಾತ್ರಿ ಬೆಚ್ಚಗಿರುತ್ತೆ ಅಂತ ಸುಮ್ನೆ ನಂಬಬೇಡಿ. ಮೈಸೂರಲ್ಲಿ ಅದರಿಂದ ತೊಂದರೆ ಇಲ್ಲ, ಊಟಿಯಲ್ಲಿದ್ರೆ ಇದೆ.

12 ಗಿಡದಿಂದ 26 ಕೆಜಿ ಹಣ್ಣು. ಕಡುಗೆಂಪು. ಹಪ್ಪಳದ ಆಂಟಿಗೆ ಮೊದಲ ಎರಡು ಕೆಜಿ ಕೊಟ್ಟು ಲೆಕ್ಕ ಚುಕ್ತಾ ಮಾಡಿದೆ.

6. ಮಾವನಿಗೆ ಏನು ಹೇಳಿದೆ

ಈ ಸಂಕ್ರಾಂತಿಗೆ ಮಾವ ಬಂದ್ರು. ಟೆರೇಸಿಗೆ ಕರ್ಕೊಂಡು ಹೋದೆ. ಗಿಡ ನೋಡಿ ಖುಷಿಪಟ್ರು, "ಹಂಗಾದ್ರೆ ಹಾಕಿಸಿಬಿಡಾನ ಅಂತೀಯ?" ಅಂದ್ರು.

ನನಗೆ "ಹೂಂ" ಅನ್ನೋ ಆಸೆ. 26 ಕೆಜಿ ಬೆಳೆದಿದೀನಿ! ಆದ್ರೆ ಹಿಂದಿನ ರಾತ್ರಿ ಇನ್ನೊಂದು ಲೆಕ್ಕ ಮಾಡಿದ್ದೆ, ಆ ನೋಟ್‌ಬುಕ್ ಅವರ ಮುಂದೆ ಇಟ್ಟೆ. ಹತ್ತು ಗುಂಟೆ ಅಂದ್ರೆ ಸುಮಾರು 1,000 ಚದರ ಮೀಟರ್. ಒಳ್ಳೆ ಬೆಳೆ ಬಂದು ಚದರ ಮೀಟರಿಗೆ 12 ಕೆಜಿ ಅಂತ ಇಟ್ಕೊಂಡ್ರೂ 12 ಟನ್. ಕೆಜಿಗೆ 10 ರೂಪಾಯಿ ಸಿಕ್ಕರೆ 1 ಲಕ್ಷ 20 ಸಾವಿರ. ಆರು ಲಕ್ಷಕ್ಕೆ ಶೇ. 10 ಬಡ್ಡಿ ಅಂದ್ರೆ ವರ್ಷಕ್ಕೆ 60 ಸಾವಿರ. ಕೂಲಿ, ಬೀಜ, ಗೊಬ್ಬರ, ದಾರ, ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸ ಶೀಟ್ ಎಲ್ಲ ಉಳಿದ 60 ಸಾವಿರದಲ್ಲೇ ಆಗಬೇಕು. ಅಸಲು ತೀರಿಸೋದು ಯಾವಾಗ? ಕೆಜಿಗೆ 40 ಸಿಕ್ಕರೆ ಲೆಕ್ಕ ಬೇರೆ. ಆದ್ರೆ 2023ರ ಜುಲೈಯಲ್ಲಿ ಕೆಜಿಗೆ ನೂರು ರೂಪಾಯಿ ದಾಟಿದ್ದ ಟೊಮ್ಯಾಟೊ ಸೆಪ್ಟೆಂಬರ್ ಹೊತ್ತಿಗೆ ಯಾವ ಮಟ್ಟಕ್ಕೆ ಬಿತ್ತು ಅಂತ ನನಗಿಂತ ಮಾವನಿಗೇ ಚೆನ್ನಾಗಿ ಗೊತ್ತು. ಪಾಲಿಹೌಸ್ ಮಳೆಯನ್ನ ತಡೆಯುತ್ತೆ, ನೊಣವನ್ನ ತಡೆಯುತ್ತೆ. ರೇಟನ್ನ ತಡೆಯಲ್ಲ. ಅದಕ್ಕೇ ನಮ್ಮ ಕಡೆ ಪಾಲಿಹೌಸ್ ಹಾಕೋರು ಹೆಚ್ಚಾಗಿ ದಪ್ಪ ಮೆಣಸಿನಕಾಯಿ, ಗುಲಾಬಿ ಇಡ್ತಾರೆ.

ಮಾವ ನೋಟ್‌ಬುಕ್ ತುಂಬ ಹೊತ್ತು ನೋಡಿದ್ರು. ಅವರ ಮುಖ ನೋಡಿ ನನಗೆ ಬೇಜಾರಾಯ್ತು, ಒಂದು ವರ್ಷ ಕಾಯಿಸಿ ಬೇಡ ಅಂತ ಹೇಳೋದಾಯ್ತಲ್ಲ ಅಂತ. ಆಮೇಲೆ ಅವರೇ ಕೇಳಿದ್ರು, "ಹಂಗಾದ್ರೆ ಈ ಮುಟುರು ರೋಗಕ್ಕೆ ಏನವ್ವ ಮಾಡದು?"

ಮೇಲೆ ನೆನಪಿಟ್ಕೊಳ್ಳಿ ಅಂದಿದ್ದೆನಲ್ಲ, ಆ ವಾಕ್ಯ ಈಗ ಉಪಯೋಗಕ್ಕೆ ಬಂತು. ವೈರಸ್ ಅಪಾಯ ಎಲ್ಲಕ್ಕಿಂತ ಜಾಸ್ತಿ ಇರೋದು ಸಸಿಗೆ. ಸಸಿ ಮಡಿಯಲ್ಲಿರೋದು 25ರಿಂದ 30 ದಿನ. ಅಷ್ಟು ದಿನ ಕಾಯೋಕೆ ಹತ್ತು ಗುಂಟೆ ಪಾಲಿಹೌಸ್ ಬೇಕಿಲ್ಲ, ಒಟ್ಲಿನ ಮೇಲೆ ಪೈಪ್ ಬಗ್ಗಿಸಿ 50 ಮೆಶ್ ನೆಟ್ ಮುಚ್ಚಿದ್ರೆ ಸಾಕು. ಖರ್ಚು ಸಾವಿರಗಳಲ್ಲಿ, ಲಕ್ಷಗಳಲ್ಲಿ ಅಲ್ಲ. ರೋಗ ತಡ್ಕೊಳೋ ತಳಿ, ನೆಟ್ ಒಳಗಿನ ಒಟ್ಲು, ಕೋಲು ದಾರ ಕಟ್ಟಿ ಎಲೆ ನೆಲಕ್ಕೆ ತಾಗದ ಹಾಗೆ ಮಾಡೋದು. ಹಸಿರುಮನೆಯಿಂದ ಹೊಲಕ್ಕೆ ತಗೊಂಡು ಹೋಗಬಹುದಾದ್ದು ಇಷ್ಟು. ನನ್ನ ಮಾತನ್ನ ಮಾತ್ರ ನಂಬಬೇಡಿ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೂ ಒಂದು ಮಾತು ಕೇಳಿ ಅಂದೆ. ಅವರ ಊರಿಗೆ ಅದು ಹತ್ರ.

ಹೋದ ಭಾನುವಾರ ಮಾವ ವಾಟ್ಸಾಪಲ್ಲಿ ಫೋಟೋ ಕಳಿಸಿದ್ರು. ಬಿಳಿ ನೆಟ್ ಹಾಕಿದ ಉದ್ದನೆ ಒಟ್ಲು, ಒಳಗೆ ಎರಡೆಲೆಯ ಪೈರು. ಕೆಳಗೆ ಒಂದು ವಾಯ್ಸ್ ನೋಟ್: "ಸಾಲದ ಅರ್ಜಿ ವಾಪಸ್ ತಗೊಂಡೆ ಕಣವ್ವ. ಈ ಸಲ ಬೆಳೆ ನೋಡಾನ." ಬೆಳೆ ಹೇಗೆ ಬರುತ್ತೋ ನನಗೂ ಗೊತ್ತಿಲ್ಲ. ಬಂದ ಮೇಲೆ ಮುಂದಿನ ಸಂಚಿಕೆಗೆ ಬರೀತೀನಿ.

ನಮ್ಮ ಕ್ಲಾಸಲ್ಲೇ ಎಷ್ಟೋ ಜನರ ಮನೇಲಿ ಜಮೀನಿದೆ. ನಿಮ್ಮ ಮನೇಲೂ ಯಾರಾದ್ರೂ "ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ, ಹೇಳು" ಅಂತ ಕೇಳಬಹುದು. ಆಗ ತಕ್ಷಣ ಉತ್ತರ ಹೇಳಬೇಡಿ. ಸಣ್ಣದಾಗಿ ಮಾಡಿ ನೋಡಿ, ಅಳತೆ ಬರೆದಿಡಿ, ಯಾವ ಊರಿನ ಹವೆಗೆ ಬರೆದ ಪುಸ್ತಕ ಅಂತ ಮೊದಲು ನೋಡಿ, ಕೊನೆಗೆ ದುಡ್ಡಿನ ಲೆಕ್ಕನೂ ಮಾಡಿ.

ಟೆರೇಸ್ ನೋಡೋಕೆ ಬರೋರು ಭಾನುವಾರ ಬೆಳಗ್ಗೆ ಬನ್ನಿ. ಹತ್ತು ಗಂಟೆ ಮೇಲೆ ಬಂದ್ರೆ ಅಜ್ಜಿ ಕೈಗೆ ಟೂತ್‌ಬ್ರಶ್ ಕೊಡ್ತಾರೆ, ಹೇಳಿಲ್ಲ ಅನ್ನಬೇಡಿ.

(ಮೆಕ್ಯಾನಿಕಲ್, ಎರಡನೇ ವರ್ಷ)